ಸಿರಿಂಜಕ್ಕನ ಹದಿಮೂರು ಸಿಸಿ

ಬೆಳಗಿನ ಆರೂಕಾಲು. ಮಗಳ ಎಡಗಡೆಯ ಜಡೆ ಮುಗಿದು ರಿಬ್ಬನ್ ಬಿದ್ದಿದೆ. ಬಲಗಡೆಯದು ಇನ್ನೂ ಮೂರು ಎಳೆಯಾಗಿ ಅಮ್ಮನ ಬೆರಳುಗಳ ನಡುವೆ ಇದೆ. ಬಾಚಣಿಗೆ ಅಮ್ಮನ ಹಲ್ಲಲ್ಲಿ, ಹಾಲು ಒಲೆಯ ಮೇಲೆ. ಆಗ ಫೋನು ಬಡಿದುಕೊಳ್ಳುತ್ತದೆ.

“ಎದ್ದಿದ್ದೀಯೇನಮ್ಮಾ?” ಗ್ಯಾರೇಜಿನ ಯಜಮಾನರ ದನಿ. “ಹನ್ನೊಂದು ಗಂಟೆಗೆ ರೇಸ್ ಸಂಘದವರು ಬರ್ತಾರೆ. ನೀನು ಸ್ವಲ್ಪ ಮುಂಚೆ ಬಂದ್ಬಿಡು. ಒಂದು ಕಾಗದ ಇದೆ. ಸೈನ್ ಹಾಕಿದ್ರೆ ಎಲ್ಲ ಮುಗಿದುಹೋಗುತ್ತೆ.”

ಅಮ್ಮ ಬಾಚಣಿಗೆಯನ್ನು ಬಾಯಿಂದ ತೆಗೆಯುತ್ತಾರೆ. “ಏನು ಕಾಗದ?”

“ಬಾ, ಬಾ. ಫೋನಲ್ಲಿ ಹೇಳೋ ಮಾತಲ್ಲ.”

ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ತುಂಬ ಹರಿಯುತ್ತದೆ. ಅಮ್ಮ ಒಂದು ಕೈಯಲ್ಲಿ ಒಲೆ ಆರಿಸಿ ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ ತಡಕುತ್ತಾರೆ. ಅಪ್ಪ ಬಸ್ ಓಡಿಸಲು ನಾಲ್ಕೂವರೆಗೇ ಹೋಗಿಯಾಗಿದೆ. ಇಂದು ಶನಿವಾರ, ಶಾಲೆಗೆ ರಜೆ. ಒಂಬತ್ತು ವರ್ಷದ ಮಗಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ.

“ಇನ್ನೊಂದು ಜಡೆ?” ಎನ್ನುತ್ತಾಳೆ ಮಗಳು.

“ಬಸ್‌ಸ್ಟಾಪಲ್ಲಿ ಹಾಕ್ತೀನಿ, ನಡಿ.”

“ಒಂದೇ ಜಡೇಲಿ ಬಸ್‌ಸ್ಟಾಪಿಗಾ? ಜನ ನೋಡಿ ನಗಲ್ವಾ?”

“ನಗಲಿ ಬಿಡು. ಬೆಳಗ್ಗೆ ಬೆಳಗ್ಗೆ ನಾಲ್ಕು ಜನರನ್ನ ನಗಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?”

ಮಗಳನ್ನು ನಗಿಸಿದ ಅಮ್ಮನ ಎಡಗಾಲು ಮಾತ್ರ ಬಲಗಾಲಿನ ಚಪ್ಪಲಿಯೊಳಗೆ ಹೋಗಿ ನಿಂತಿದೆ. ಕಾಗದದಲ್ಲಿ ಏನಿದೆ ಎಂದು ಅವರಿಗೆ ಗೊತ್ತು. ಹತ್ತು ದಿನಗಳಿಂದ ಅವರಿವರ ಬಾಯಲ್ಲಿ ತಿರುಗುತ್ತಿದ್ದ ಮಾತು ಈಗ ಅಕ್ಷರಕ್ಕೆ ಇಳಿದಿದೆ, ಅಷ್ಟೆ.

ಗ್ಯಾರೇಜುಗಳ ಆ ಉದ್ದ ಬೀದಿಯಲ್ಲಿ ಯಾರನ್ನೇ ಕೇಳಿ, ‘ಸಿರಿಂಜಕ್ಕ’ ಎಂದರೆ ಕೈ ಚಾಚಿ ದಾರಿ ತೋರಿಸುತ್ತಾರೆ. ಟೈರ್ ಅಂಗಡಿ ದಾಟಬೇಕು, ಬೇಕರಿಯ ಎದುರು ಒಳಗೆ ನುಗ್ಗಬೇಕು, ತಗಡಿನ ಮಾಡಿನ ಕೊನೆಯ ಶೆಡ್. ಮುಂಭಾಗದಲ್ಲಿ ಗಾಜಿನ ಕೋಣೆ, ಅದು ಯಜಮಾನರದು. ನಡುವೆ ಲೋಹ ಕಡೆಯುವ ಲೇತ್ ಮತ್ತು ಸಿಲಿಂಡರ್ ಕೊರೆಯುವ ಬೋರಿಂಗ್ ಯಂತ್ರಗಳು. ಹಿಂಬದಿಯ ಕಿಟಕಿಯ ಕೆಳಗೆ ಮರದ ಬೆಂಚು, ಬೆಂಚಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಒಂದು ಇಪ್ಪತ್ತು ಎಂಎಲ್ ಸಿರಿಂಜು. ಹತ್ತೊಂಬತ್ತು ವರ್ಷಗಳಿಂದ ಸಿರಿಂಜಕ್ಕನ ಜಾಗ ಇದೇ. ಅವರಿಗೀಗ ಮೂವತ್ತೊಂಬತ್ತು.

ಏಳು ಗಂಟೆಗೆ ಬೀಗ ತೆಗೆದು ಒಳಗೆ ಬಂದವರು ಮಗಳ ಎರಡನೆಯ ಜಡೆ ಮುಗಿಸಿ, ಅವಳ ಕೈಗೆ ಪೆನ್ಸಿಲ್ಲು, ನೋಟ್‌ಬುಕ್ಕು ಕೊಟ್ಟು, ಏಪ್ರನ್ ಕಟ್ಟಿಕೊಳ್ಳುತ್ತಾರೆ. ನಿನ್ನೆ ಅರ್ಧಕ್ಕೆ ನಿಂತಿದ್ದ ಬೈಕ್ ಎಂಜಿನ್ ಕಾಯುತ್ತಿದೆ. ಕಾಗದ ಬರಲಿ ಬಿಡಲಿ, ಕೆಲಸ ಕೆಲಸವೇ.

ಕೆಲಸ ನೋಡಲು ಬಲು ಸರಳ. ಹಳೆಯ ಪಿಸ್ಟನ್ ತೆಗೆದು, ಬೇರೆ ಕಂಪನಿಯವರು ಮಾಡಿದ, ತಲೆ ಉಬ್ಬಿದ ಗಟ್ಟಿ ಪಿಸ್ಟನ್ ಕೂರಿಸಿದ್ದಾರೆ. ಪಿಸ್ಟನ್ ಪೂರ್ತಿ ಮೇಲೆ ಬಂದು ನಿಂತಾಗ ಅದರ ತಲೆಗೂ ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಉಳಿಯುವ ಪುಟ್ಟ ಗುಂಡಿ ಎಷ್ಟು ದೊಡ್ಡದೆಂದು ಅಳೆಯಬೇಕು. ಅಂಚಿಗೆ ಸುತ್ತಲೂ ಗ್ರೀಸ್ ಸವರುತ್ತಾರೆ. ಸ್ಪಾರ್ಕ್ ಪ್ಲಗ್ ತೆಗೆದ ತೂತಿನಿಂದ ತೆಳು ಎಣ್ಣೆಯನ್ನು ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತಾರೆ. ಮಗುವಿಗೆ ಔಷಧಿ ಕುಡಿಸುವಾಗ ತಾಯಿಯ ಕೈ ಹೇಗಿರುತ್ತದೋ ಹಾಗೆಯೇ ಇದೆ ಆ ಕೈ. ಎಣ್ಣೆ ತೂತಿನ ಕತ್ತಿನವರೆಗೆ ಬಂತೋ, ನಿಲ್ಲಿಸಿ ಸಿರಿಂಜು ಓದುತ್ತಾರೆ.

“ಹದಿಮೂರು,” ಎನ್ನುತ್ತಾರೆ.

“ಹದಿಮೂರು ಬರೀಲಾ, ಹದಿಮೂರು ಸೊನ್ನೆ ಬರೀಲಾ?” ಮಗಳ ಪ್ರಶ್ನೆ.

“ಪಾಯಿಂಟ್ ಹಾಕಿ ಸೊನ್ನೆ ಬರಿ. ಸೊನ್ನೆ ಬರೆದ್ರೆ ನೋಡಿ ಬರೆದಿದ್ದು ಅಂತ ಅರ್ಥ.”

ನೂರೈವತ್ತು ಸಿಸಿ ಎಂಜಿನ್ನಿನಲ್ಲಿ ಕಾರ್ಖಾನೆಯವರು ಬಿಟ್ಟಿರುವ ಗುಂಡಿ ಸುಮಾರು ಹದಿನೇಳೂವರೆ ಸಿಸಿ. ಅಲ್ಲಿ ಕಂಪ್ರೆಶನ್ ಒಂಬತ್ತೂವರೆ, ಅಂದರೆ ಒಳಗೆ ಬಂದ ಗಾಳಿ ಮತ್ತು ಪೆಟ್ರೋಲಿನ ಆವಿ ತನ್ನ ಅಳತೆಯ ಒಂಬತ್ತೂವರೆಯಲ್ಲಿ ಒಂದು ಪಾಲಿಗೆ ಇರುಕಿಕೊಳ್ಳುತ್ತದೆ. ಗುಂಡಿಯನ್ನು ಹದಿಮೂರಕ್ಕೆ ಇಳಿಸಿದರೆ ಕಂಪ್ರೆಶನ್ ಹನ್ನೆರಡೂವರೆಗೆ ಏರುತ್ತದೆ. ನಡುವಿನ ವ್ಯತ್ಯಾಸ ನಾಲ್ಕೂವರೆ ಸಿಸಿ, ಒಂದು ಟೀ ಚಮಚವೂ ತುಂಬುವುದಿಲ್ಲ. ಆ ಚಮಚದಷ್ಟು ಜಾಗದಲ್ಲಿ ಒಬ್ಬ ಸವಾರ ಗೆಲ್ಲುತ್ತಾನೆ, ಇಲ್ಲವೇ ರಸ್ತೆಗೆ ಬೀಳುತ್ತಾನೆ.

ಅಳತೆ ಇಲ್ಲಿಗೇ ಮುಗಿಯುವುದಿಲ್ಲ. ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ಪಿಸ್ಟನ್ ತಲೆಯ ಮೇಲೆ ಮೆತ್ತಿ, ಹೆಡ್ಡು ಬಿಗಿದು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚುತ್ತಾರೆ. ವಾಲ್ವುಗಳು ಜೇಡಿಯಲ್ಲಿ ಒತ್ತಿದ ಗುರುತನ್ನು ಬ್ಲೇಡಿನಿಂದ ಸೀಳಿ ದಪ್ಪ ನೋಡುತ್ತಾರೆ. ಎರಡು ಮಿಲಿಮೀಟರಿಗಿಂತ ತೆಳುವಾದರೆ ಎಲ್ಲವನ್ನೂ ಬಿಚ್ಚಿ ಮೊದಲಿಂದ. ಪಿಸ್ಟನ್ ರಿಂಗಿನ ತುದಿಗಳನ್ನು ಉಜ್ಜುವುದು, ಸಿಲಿಂಡರಿನ ಒಳಗೋಡೆಯನ್ನು ಮೂರು ಎತ್ತರದಲ್ಲಿ ಎರಡೆರಡು ದಿಕ್ಕಿನಿಂದ ಅಳೆಯುವುದು, ಹೀಗೆ ಒಂದು ಎಂಜಿನ್ನಿಗೆ ನಲವತ್ತಾರು ಅಳತೆ. ಸಾದಾ ಗಾಡಿಯವೂ ರೇಸಿನವೂ ಸೇರಿ ವಾರಕ್ಕೆ ಇಂಥ ಮೂರು ಎಂಜಿನ್. ಈ ಒಂದು ವರ್ಷದಲ್ಲಿ ಅವರ ಬೆಂಚಿನಿಂದ ಎದ್ದುಹೋದ ಮೂವತ್ತನಾಲ್ಕು ರೇಸ್ ಎಂಜಿನ್ನುಗಳಲ್ಲಿ ಇಪ್ಪತ್ತೊಂದು ಮೊದಲ ಸ್ಥಾನ ತಂದಿವೆ.

ಇಪ್ಪತ್ತೊಂದು ಗೆಲುವಿನ ಫಲಕಗಳೂ ಗಾಜಿನ ಕೋಣೆಯಲ್ಲಿವೆ. ಪ್ರತಿಯೊಂದರ ಜೊತೆ ಒಂದು ಫೋಟೊ. ಸವಾರ ಇದ್ದಾನೆ, ತಂಡದ ಮ್ಯಾನೇಜರ್ ಇದ್ದಾನೆ, ಯಜಮಾನರಿದ್ದಾರೆ, ಟೋಪಿ ಕೊಟ್ಟ ಅಂಗಡಿಯವನಿದ್ದಾನೆ, ಸವಾರನಿಗೆ ಕೊಡೆ ಹಿಡಿದವಳೂ ಇದ್ದಾಳೆ. ಒಂದು ಚಿತ್ರದಲ್ಲಿ ಯಾರದೋ ನಾಯಿಯೂ ಇದೆ. ಸಿರಿಂಜಕ್ಕ ಯಾವುದರಲ್ಲೂ ಇಲ್ಲ. ‘ಯಜಮಾನರ ಮಾಂತ್ರಿಕ ಬೆರಳು’ ಎಂದು ಪತ್ರಿಕೆಯೊಂದು ಬರೆದದ್ದನ್ನು ಚೌಕಟ್ಟು ಹಾಕಿಸಿ ನೇತು ಹಾಕಲಾಗಿದೆ. ಆ ಚೌಕಟ್ಟಿನ ಧೂಳು ಒರೆಸುವ ಬೆರಳು ಯಾರದೆಂದು ಹೇಳಬೇಕಾಗಿಲ್ಲ. ಯಜಮಾನರ ಬೆರಳು ಅಳತೆಯ ಮೈಕ್ರೋಮೀಟರ್ ಮುಟ್ಟದೆ ಹನ್ನೊಂದು ವರ್ಷವಾಯಿತು. ಅವರ ಕಣ್ಣಿಗೆ ಪೊರೆ ಬಂದಿದೆ. ಅದು ಅವರ ತಪ್ಪಲ್ಲ. ಆದರೆ ಪತ್ರಿಕೆಯವರು ಬಂದಾಗ, “ಅಳತೆ ಮಾಡೋದು ಹಿಂದಿನ ಬೆಂಚಿನ ಹೆಣ್ಣುಮಗಳು” ಎಂದು ಒಂದೇ ಒಂದು ವಾಕ್ಯ ಹೇಳಲು ಕಣ್ಣು ಬೇಕಿರಲಿಲ್ಲ, ಬಾಯಿ ಸಾಕಿತ್ತು.

ಇನ್ನೂ ಒಂದು ಮಾತು ಹೇಳಲೇಬೇಕು. ಆ ಶೆಡ್ಡಿನಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಹತ್ತೊಂಬತ್ತು ವರ್ಷಗಳಿಂದ ಸಿರಿಂಜಕ್ಕ ಎದುರಿನ ಬೇಕರಿಗೆ ಹೋಗಿ ಬರುತ್ತಾರೆ. ಬಸುರಿಯಾಗಿದ್ದಾಗ ದಿನಕ್ಕೆ ಎಂಟು ಸಲ ರಸ್ತೆ ದಾಟಿದ್ದಾರೆ. “ಬೇಕರಿಯವರು ಒಳ್ಳೇವರು. ಸುಮ್ನೆ ಹೋಗೋಕೆ ಸಂಕೋಚ ಅಂತ ಒಂದೊಂದ್ಸಲ ಬನ್ನು ತಗೊಳ್ತಿದ್ದೆ. ಹುಟ್ಟಿದಾಗ ಇವಳ ಕೆನ್ನೆ ಥೇಟ್ ಬನ್ನೇ,” ಎಂದು ಅವರು ನಗುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ. ಇಪ್ಪತ್ತೊಂದು ಫಲಕಕ್ಕೆ ಗೋಡೆ ಸಿಕ್ಕ ಶೆಡ್ಡಿನಲ್ಲಿ ಒಂದು ಬಾಗಿಲಿಗೆ ಜಾಗ ಸಿಗಲಿಲ್ಲವೇ?

ಅವರ ಅಪ್ಪ ಇದೇ ಶೆಡ್ಡಿನ ಬೋರಿಂಗ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವರು. ಕಿವಿ ಕೇಳದಾದಾಗ ಯಂತ್ರಕ್ಕೆ ಅಂಗೈ ಒತ್ತಿ ಅದರ ಸದ್ದು ತಿಳಿಯುತ್ತಿದ್ದರು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಓದು ಬಿಟ್ಟ ಮಗಳು ದಿನಕ್ಕೆರಡು ಹೊತ್ತು ಅಪ್ಪನಿಗೆ ಚುಚ್ಚುಮದ್ದು ಕೊಡುತ್ತ, ಮಧ್ಯಾಹ್ನ ಬುತ್ತಿ ತಂದವಳು ಇಲ್ಲೇ ಕಬ್ಬಿಣದ ಚೂರು ಗುಡಿಸುತ್ತ, ಕ್ರಮೇಣ ಅಪ್ಪನ ಕಿವಿಯಾದಳು. ಆಗ ಗುಂಡಿ ಅಳೆಯಲು ಉದ್ದನೆಯ ಗಾಜಿನ ನಳಿಕೆಯೊಂದು ಇತ್ತು. ಯಾರದೋ ಮೊಣಕೈ ತಗುಲಿ ಒಡೆದುಹೋಯಿತು. ಎಂಜಿನ್ ಸಂಜೆಯೊಳಗೆ ಕೊಡಬೇಕು. “ಇನ್ನೇನು ಗತಿ ಅಂತ ಎಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ರು. ಅಪ್ಪನ ಚೀಲದಲ್ಲಿ ಹೊಸ ಸಿರಿಂಜು ಇತ್ತಲ್ಲ, ತೆಗೆದೆ. ಚಿಕ್ಕದು, ಮತ್ತೆ ಮತ್ತೆ ತುಂಬಿ ಅಳೆದೆ. ಮೈಗೆ ಸರಿಯಾಗಿ ಅಳೆದು ಕೊಡೋದು ಎಂಜಿನ್ನಿಗೆ ಯಾಕೆ ಕೊಡಲ್ಲ?” ಅಂದಿನಿಂದ ಅವರು ಸಿರಿಂಜಕ್ಕ. ಮೊದಮೊದಲು ಅದು ಲೇವಡಿ. “ಡಾಕ್ಟ್ರು ಬಂದ್ರು, ಅಂಗಿ ಮೇಲೆತ್ರೋ,” ಎಂದು ಲೇತಿನವರು ರೇಗಿಸುತ್ತಿದ್ದರು. ಈಗ ಅದೇ ಲೇತಿನವರು ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಸಿರಿಂಜಕ್ಕನ ಬೆಂಚಿಗೇ ಓಡಿಬರುತ್ತಾರೆ.

ಇಂಧನದ ವಿಷಯಕ್ಕೆ ಬಂದರೆ ಮಾತ್ರ ಈ ಮೆಲುದನಿಯ ಹೆಂಗಸು ಗಟ್ಟಿಯಾಗುತ್ತಾರೆ. ಕಂಪ್ರೆಶನ್ ಏರಿಸಿದ ಎಂಜಿನ್ನಿಗೆ ಸಿಕ್ಕಿದ ಪೆಟ್ರೋಲು ಸುರಿಯುವಂತಿಲ್ಲ. ಒತ್ತಡ ಹೆಚ್ಚಿದಂತೆ ಒಳಗೆ ಬಿಸಿ ಏರುತ್ತದೆ. ಸಾದಾ ಪೆಟ್ರೋಲು ಆ ಬಿಸಿ ತಾಳದೆ, ಉರಿ ತನ್ನ ಬಳಿ ಬರುವ ಮೊದಲೇ ಮೂಲೆಯಲ್ಲಿ ತಾನಾಗಿ ಸಿಡಿಯುತ್ತದೆ. ಆಗ ಕೇಳುವ ಟಣಟಣ ಸದ್ದು ಪಿಸ್ಟನ್ ತಲೆಗೆ ಬೀಳುತ್ತಿರುವ ಸುತ್ತಿಗೆ ಏಟು. ಇದಕ್ಕೇ ಆಕ್ಟೇನ್, ಅಂದರೆ ಒತ್ತಡ ತಾಳುವ ಗುಣದ ಅಂಕಿ, ಹೆಚ್ಚಿರುವ ಪೆಟ್ರೋಲು ಬೇಕು.

“ಜನ ಏನಂದ್ಕೊಂಡಿದ್ದಾರೆ, ದುಬಾರಿ ಪೆಟ್ರೋಲ್ ಹಾಕಿದ್ರೆ ಗಾಡಿಗೆ ಶಕ್ತಿ ಬರುತ್ತೆ ಅಂತ. ಶಕ್ತಿ ಬರಲ್ಲ ಕಣ್ರೀ, ತಾಳ್ಮೆ ಬರುತ್ತೆ. ಎಷ್ಟು ಒತ್ತಿದ್ರೂ ಕಿಡಿ ಬರೋವರೆಗೂ ಸುಮ್ನಿರುತ್ತೆ. ತಾಳ್ಮೆ ಯಾರಿಗೆ ಬೇಕು? ಒತ್ತಡ ಇರೋರಿಗೆ. ನಿಮ್ಮ ಸಾದಾ ಗಾಡಿಗೆ ಒತ್ತಡಾನೇ ಇಲ್ಲ, ತಾಳ್ಮೆ ತಗೊಂಡು ಏನ್ಮಾಡುತ್ತೆ?” ಹೀಗೆಂದು ತಿಂಗಳಿಗೆ ಹತ್ತು ಜನರನ್ನಾದರೂ ಅವರು ಸಾದಾ ಪೆಟ್ರೋಲ್ ಬಂಕಿಗೇ ಮರಳಿ ಕಳಿಸುತ್ತಾರೆ. ಹೊಸ ಪಿಸ್ಟನ್ ಹಾಕಿಸಿಕೊಳ್ಳಲು ಬಂದ ಅಂಚೆಯವನೊಬ್ಬನಿಗೆ, “ಬೆಟ್ಟ ಹತ್ತೋಕೆ ಕಷ್ಟ ಅಂದ್ಯಲ್ಲಪ್ಪಾ, ಚೈನಿನ ಹಿಂದಿನ ಹಲ್ಲುಚಕ್ರ ಒಂಚೂರು ದೊಡ್ಡದು ಹಾಕಿಸು ಸಾಕು,” ಎಂದು ಹೇಳಿ ಕಳಿಸಿದ್ದಕ್ಕೆ ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಅವರದೇ ಒಂದು ಪದ್ಧತಿಯಿದೆ. ಎಂಜಿನ್ ಸಿದ್ಧವಾದ ಮೇಲೆ ಟ್ಯಾಂಕಿನ ಮುಚ್ಚಳಕ್ಕೆ ಹಳದಿ ಚೀಟಿಯೊಂದನ್ನು ತಂತಿಯಿಂದ ಕಟ್ಟುತ್ತಾರೆ. ಅದರ ಮೇಲೆ ಎರಡೇ ಅಂಕಿ: ಕಂಪ್ರೆಶನ್ ಎಷ್ಟು, ಆಕ್ಟೇನ್ ಎಷ್ಟಕ್ಕಿಂತ ಕಡಿಮೆಯಾಗಬಾರದು. ‘ಹನ್ನೆರಡೂವರೆ, ತೊಂಬತ್ತೆಂಟು’. ಪೆಟ್ರೋಲು ಹಾಕುವವನು ಓದು ಬಾರದವನಾದರೂ ಅಂಕಿ ನೋಡಿ ಕ್ಯಾನಿನ ಅಂಕಿಗೆ ಹೋಲಿಸಿಕೊಳ್ಳಲಿ ಎಂಬುದು ಲೆಕ್ಕಾಚಾರ. ಹತ್ತೊಂಬತ್ತು ವರ್ಷಗಳಲ್ಲಿ ಆ ಚೀಟಿಯಿದ್ದ ಒಂದು ಎಂಜಿನ್ನೂ ಒಳಗಿನಿಂದ ಒಡೆದಿಲ್ಲ.

ಹತ್ತು ದಿನಗಳ ಹಿಂದೆ ಒಂದು ಒಡೆಯಿತು. ಆ ಶೆಡ್ಡಿಗೆ ವರ್ಷದ ಅರ್ಧ ಕೆಲಸ ಕೊಡುವ ದೊಡ್ಡ ತಂಡದ ಬೈಕು. ಆರನೇ ಸುತ್ತಿನಲ್ಲಿ ಪಿಸ್ಟನ್ ಒಳಗೇ ಕಚ್ಚಿಕೊಂಡು ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ನಿಂತಲ್ಲೇ ನಿಂತಿತು. ಸವಾರ ಮೂವತ್ತು ಅಡಿ ಜಾರಿದ. ಕಾಲರ್ ಎಲುಬು ಮುರಿದಿದೆ, ಎರಡು ಪಕ್ಕೆಲುಬು ಬಿರಿದಿವೆ. ಜೀವ ಉಳಿದದ್ದೇ ದೊಡ್ಡದು. ಸಿರಿಂಜಕ್ಕ ಅಂದು ಊಟ ಮಾಡಲಿಲ್ಲ. ಮರುದಿನ ಆಸ್ಪತ್ರೆಗೆ ಹೋದರೆ, ಮಲಗಿದ್ದ ಸವಾರನೇ ಸಮಾಧಾನ ಹೇಳಿದ.

“ಅಕ್ಕಾ, ನೀವು ಯಾಕೆ ಅಳ್ತೀರಿ? ಮೂರನೇ ಸುತ್ತಿಂದ್ಲೇ ಟಣಟಣ ಅಂತಿತ್ತು. ನಾನೇ ನಿಲ್ಲಿಸಬೇಕಿತ್ತು, ಎರಡನೇ ಸ್ಥಾನದಲ್ಲಿದ್ದೆ, ಆಸೆ ಬಿಡಲಿಲ್ಲ.”

“ಚೀಟಿ ಇತ್ತಲ್ಲಪ್ಪಾ, ಮುಚ್ಚಳದ ಮೇಲೆ?”

“ಚೀಟೀನ ಬೆಳಗ್ಗೇನೇ ಕತ್ತರಿಸಿಬಿಟ್ರು. ಪಕ್ಕದ ತಂಡದವರು ಬಂದು ನೋಡಿ ನಮ್ಮ ಕಂಪ್ರೆಶನ್ ಎಷ್ಟು ಅಂತ ತಿಳ್ಕೋತಾರಂತೆ. ಗುಟ್ಟು ಗುಟ್ಟಾಗಿರಲಿ ಅಂದ್ರು ಮ್ಯಾನೇಜರು.”

ಗುಟ್ಟು! ಎದುರಾಳಿಗೆ ಕಾಣಬಾರದೆಂದು ಕತ್ತರಿಸಿದ ಅಂಕಿ ತಮ್ಮವರಿಗೂ ಕಾಣದೆ ಹೋಯಿತು. ಆ ತಂಡ ಎರಡು ಬೈಕು ತರುತ್ತದೆ. ಒಂದು ಪಂದ್ಯಕ್ಕೆ, ಒಂದು ಅಭ್ಯಾಸಕ್ಕೆ. ಅಭ್ಯಾಸದ್ದು ಕಾರ್ಖಾನೆಯ ಪಿಸ್ಟನ್ನಿನದು, ತೊಂಬತ್ತೊಂದರ ಸಾದಾ ಪೆಟ್ರೋಲು ಕುಡಿಯುತ್ತದೆ. ಎರಡಕ್ಕೂ ಒಂದೇ ಬಣ್ಣದ ಕ್ಯಾನುಗಳು, ಅಕ್ಕಪಕ್ಕ. ಯಾವ ಕ್ಯಾನು ಯಾವ ಟ್ಯಾಂಕಿಗೆ ಹೋಯಿತೆಂದು ಅಂದು ಸಂಜೆಯೇ ತಿಳಿಯಬಹುದಿತ್ತು. ಆದರೆ ಸಂಜೆಯೊಳಗೆ ಟ್ಯಾಂಕು ಖಾಲಿಯಾಗಿ, ತೊಳೆದು, ಒಣಗಿಸಿಯೂ ಆಗಿತ್ತು. ಸವಾರನ ಎಲುಬಿಗೆ ಪಟ್ಟಿ ಕಟ್ಟುವ ಮೊದಲು ಟ್ಯಾಂಕಿಗೆ ಸ್ನಾನವಾಗಿತ್ತು!

ಸಿರಿಂಜಕ್ಕ ಮ್ಯಾನೇಜರಿಗೆ ಫೋನು ಮಾಡಿ ಕೇಳಿದ್ದು ನಿಜ. “ನಮ್ಮ ಇಂಧನದ ವಿಷಯ ನಿಮಗೆ ಬೇಡ. ನಿಮ್ಮ ಕೆಲಸ ನೀವು ಸರಿಯಾಗಿ ಮಾಡಿದ್ರಾ ಅಂತ ನೋಡ್ಕೊಳ್ಳಿ,” ಎಂದು ಆತ ಫೋನು ಇಟ್ಟ. ಆಮೇಲೆ ಒಬ್ಬರೂ ಅದನ್ನು ಕೇಳಲಿಲ್ಲ. ಎಲ್ಲರೂ ಒಟ್ಟಾಗಿ ಗೂಬೆ ಕೂರಿಸಲು ಒಂದು ತಲೆ ಹುಡುಕಿದರು. ಫೋಟೊದಲ್ಲಿಲ್ಲದ ತಲೆ ಸುಲಭಕ್ಕೆ ಸಿಕ್ಕಿತು.

ಒಂಬತ್ತೂವರೆಗೆ ಯಜಮಾನರು ಬರುತ್ತಾರೆ. ಅರವತ್ತೆಂಟರ ಮನುಷ್ಯ, ಕೆಟ್ಟವರಲ್ಲ. ಸಿರಿಂಜಕ್ಕನ ಅಪ್ಪ ತೀರಿಕೊಂಡಾಗ ಹೆಗಲು ಕೊಟ್ಟವರು. ಮಗಳ ತಲೆ ಸವರಿ, “ಏನೇ ಪುಟ್ಟಿ, ಇವತ್ತು ನೀನೂ ಡ್ಯೂಟಿನಾ?” ಎಂದು ಕೇಳಿ, ಸಿರಿಂಜಕ್ಕನನ್ನು ಗಾಜಿನ ಕೋಣೆಗೆ ಕರೆಯುತ್ತಾರೆ. ಪುಟ್ಟಿ ಅಮ್ಮನ ಏಪ್ರನ್ನಿನ ದಾರ ಹಿಡಿದೇ ಒಳಗೆ ಹೋಗುತ್ತಾಳೆ.

ಮೇಜಿನ ಮೇಲೆ ಕಾಗದ. ಟೈಪು ಮಾಡಿಸಿದ್ದು ತಂಡದವರು. ‘ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ಸಂದನ್ನು ನಿಗದಿಗಿಂತ ಬಿಗಿಯಾಗಿ ಇಟ್ಟದ್ದರಿಂದ ಎಂಜಿನ್ ಸೀಜ್ ಆಗಿದೆ. ಇದು ಜೋಡಣೆ ಮಾಡಿದ ಕೆಲಸಗಾರಳ ಅಜಾಗರೂಕತೆ.’ ಕೆಳಗೆ ಹೆಸರಿಗೊಂದು, ಸಹಿಗೊಂದು ಖಾಲಿ ಜಾಗ. ಹತ್ತೊಂಬತ್ತು ವರ್ಷ ಯಾವ ಫಲಕದ ಮೇಲೂ, ಯಾವ ಪತ್ರಿಕೆಯಲ್ಲೂ ಬಾರದ ಹೆಸರಿಗೆ ಮೊಟ್ಟಮೊದಲ ಬಾರಿ ಬಿಟ್ಟುಕೊಟ್ಟ ಜಾಗ ಇದು.

ಸಂಘದ ನಿಯಮ ಸ್ಪಷ್ಟವಿದೆ. ಜೋಡಣೆಯ ತಪ್ಪಿನಿಂದ ಸವಾರನಿಗೆ ಪೆಟ್ಟಾದರೆ, ಜೋಡಿಸಿದವರ ಹೆಸರು ಮೂರು ವರ್ಷ ಕಪ್ಪುಪಟ್ಟಿಗೆ. ಅವರು ಮುಟ್ಟಿದ ಎಂಜಿನ್ ಪಂದ್ಯಕ್ಕೆ ಇಳಿಯುವಂತಿಲ್ಲ. ಸಹಿ ಬಿದ್ದರೆ ಸಿರಿಂಜಕ್ಕನಿಗೆ ಮತ್ತೆ ಪೊರಕೆಯೇ ಗತಿ.

“ಮೂರು ವರ್ಷ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೋಗುತ್ತಮ್ಮಾ,” ಎನ್ನುತ್ತಾರೆ ಯಜಮಾನರು. “ನಿನ್ನ ಕೆಲಸ ಎಲ್ಲಿಗೂ ಹೋಗಲ್ಲ. ಸ್ಕೂಟರ್ ಕೆಲಸ ಮಾಡ್ಕೊಂಡಿರು. ಆ ತಂಡದವರನ್ನ ಎದುರು ಹಾಕ್ಕೊಂಡ್ರೆ ಶೆಡ್ಡೇ ಮುಚ್ಚಬೇಕಾಗುತ್ತೆ. ಒಳಗೆ ಏಳು ಜನ ಇದ್ದಾರೆ.”

“ಸಂದು ಬಿಗಿ ಇತ್ತಾ ಯಜಮಾನ್ರೇ?”

“ಅದಲ್ಲಮ್ಮಾ ವಿಷಯ...”

“ಬಿಗಿ ಇತ್ತಾ, ಇಲ್ವಾ? ನೀವು ನನ್ನ ನೋಟ್‌ಬುಕ್ ನೋಡಿದ್ದೀರಿ.”

ಯಜಮಾನರು ಕನ್ನಡಕ ತೆಗೆದು ಒರೆಸುತ್ತಾರೆ. ಆಮೇಲೆ ತಗ್ಗಿದ ದನಿಯಲ್ಲಿ, “ಇರಲಿಲ್ಲ,” ಎನ್ನುತ್ತಾರೆ.

“ಹಾಗಾದ್ರೆ ಸೈನ್ ಹಾಕಲ್ಲ. ನನ್ನ ಕೈಲಿ ತಪ್ಪಾಗಿದ್ರೆ ಆ ಹುಡುಗನ ಮಂಚದ ಪಕ್ಕದಲ್ಲೇ ಕೂತು ಬರೆದುಕೊಡ್ತಿದ್ದೆ. ಆಗದ ತಪ್ಪಿಗೆ ಸೈನ್ ಹಾಕಿದ್ರೆ ನಾಳೆ ಇನ್ನೊಬ್ಬ ಬೀಳ್ತಾನೆ. ಯಾಕಂದ್ರೆ ಅವರು ಚೀಟಿ ಕತ್ತರಿಸೋದು ನಿಲ್ಲಿಸಲ್ಲ.”

ಮಾತು ಬೆಳೆಯುತ್ತದೆ. ಅತ್ತ ಲೇತಿನ ಸದ್ದು ನಿಲ್ಲುತ್ತದೆ. ಕೆಲಸದವರೆಲ್ಲ ಕೆಲಸ ಮಾಡುವವರಂತೆ ನಟಿಸುತ್ತ ಕಿವಿ ಇತ್ತ ಕೊಟ್ಟಿದ್ದಾರೆ. ಕೊನೆಗೆ ಯಜಮಾನರು ಎರಡೂ ಕೈ ಮುಗಿಯುತ್ತಾರೆ. ಅಪ್ಪನ ವಯಸ್ಸಿನವರು.

“ಆಯ್ತು. ಸೈನ್ ಹಾಕ್ಬೇಡ. ನಾನು ಬಲವಂತ ಮಾಡಲ್ಲ. ಆದರೆ ಒಂದು ಮಾತು ಕೊಡು. ಅವರೆದುರಿಗೆ ಪೆಟ್ರೋಲಿನ ಮಾತು ಮಾತ್ರ ನಿನ್ನ ಬಾಯಿಂದ ಬರಬಾರದು. ನಮ್ಮ ಶೆಡ್ಡಿಂದ ಅವರ ಮೇಲೆ ದೂರು ಅಂತ ಆಗ್ಬಾರ್ದು. ಅಳತೆ ಕೇಳಿದ್ರೆ ಅಳತೆ ಹೇಳು, ಅಷ್ಟೇ. ನಿನ್ನ ಅಪ್ಪನಾಣೆ.”

ಅಪ್ಪನ ಹೆಸರು ಬಂದಲ್ಲಿಗೆ ಸಿರಿಂಜಕ್ಕ ಸೋಲುತ್ತಾರೆ. “ಸರಿ, ಎತ್ತಲ್ಲ,” ಎಂದು ಹೊರಗೆ ಬಂದವರು ಬೆಂಚಿನ ಮುಂದೆ ನಿಂತು ಸಿರಿಂಜು ಒರೆಸತೊಡಗುತ್ತಾರೆ.

“ಅಮ್ಮಾ, ನೀನು ಯಾಕೆ ಹೂಂ ಅಂದೆ? ಅದೇ ತಾನೇ...” ಎಂದು ಪುಟ್ಟಿ ಬಾಯಿ ತೆಗೆಯುತ್ತಾಳೆ.

“ಶ್. ದೊಡ್ಡವರ ಮಧ್ಯೆ ಬಾಯಿ ಹಾಕ್ಬೇಡ. ಹೋಗಿ ಕಿಟಕಿ ಹತ್ರ ಕೂತ್ಕೋ.”

ಪುಟ್ಟಿ ಹೋಗಿ ಕೂರುತ್ತಾಳೆ. ಬಾಯಿ ಮುಚ್ಚಿದ್ದಾಳೆ, ಕೆನ್ನೆ ಮಾತ್ರ ಊದಿದೆ.

ಇಷ್ಟಾದರೂ ಸಿರಿಂಜಕ್ಕನ ಬಾಯಲ್ಲಿ ಆ ತಂಡದ ಬಗ್ಗೆ ಒಂದು ಬೈಗುಳವಿಲ್ಲ. “ಕ್ಯಾನು ಅದಲುಬದಲು ಯಾರ ಕೈಲೂ ಆಗ್ಬಹುದು. ಅದು ಪಾಪ, ಯಾವನೋ ಹೊಸಬ ಅವಸರದಲ್ಲಿ ಮಾಡಿರ್ತಾನೆ. ಅವನ ಮೇಲೆ ನನಗೆ ಕೋಪ ಇಲ್ಲ. ಗೊತ್ತಿದ್ದೂ ಟ್ಯಾಂಕ್ ತೊಳೆದ್ರಲ್ಲ, ಅದು ತಡ್ಕೊಳ್ಳೋಕೆ ಆಗಲ್ಲ.” ಏನು ಬೇಕು ನಿಮಗೆ ಎಂದರೆ ಬಹಳ ಯೋಚಿಸಿ ಹೇಳುತ್ತಾರೆ. “ಫೋಟೊ ಬೇಡಪ್ಪ, ನನಗೆ ಫೋಟೊದಲ್ಲಿ ಕಣ್ಣು ಮುಚ್ಚಿಹೋಗುತ್ತೆ. ಚೀಟಿ ಕತ್ತರಿಸಬಾರದು ಅಂತ ಸಂಘದವರು ಒಂದು ನಿಯಮ ಮಾಡ್ಲಿ. ಹೆಸರು ಬರೀದಿದ್ರೂ ನಡಿಯುತ್ತೆ, ನನ್ನ ಅಂಕಿ ಇರ್ಲಿ.”

ಇಷ್ಟು ದೊಡ್ಡ ಮನಸ್ಸು ಅವರಿಗಿದೆಯೆಂದು ನಾಡಿನ ಉಳಿದವರೆಲ್ಲ ಸುಮ್ಮನಿರಬೇಕೆಂದಿಲ್ಲ. ಮೆದುವಾದವರನ್ನು ತುಳಿದು ಹೋಗುವುದು ಎಲ್ಲ ಕಾಲದಲ್ಲೂ ಸುಲಭ. ಅವರು ನೋಯದವರಂತೆ ನಡೆದುಕೊಳ್ಳುತ್ತಾರೆಂದು ನಾವೂ ನೋವಿಲ್ಲದವರಂತೆ ಇರಲಾದೀತೇ?

ಹನ್ನೊಂದಕ್ಕೆ ಸರಿಯಾಗಿ ಎರಡು ಕಾರು ಬಂದು ನಿಲ್ಲುತ್ತವೆ. ಒಂದರಿಂದ ಸಂಘದ ಪರಿಶೀಲಕರು ಇಳಿಯುತ್ತಾರೆ. ತೆಳ್ಳನೆಯ ಹಿರಿಯರು, ಜೇಬಿನಲ್ಲಿ ಎರಡು ಪೆನ್ನು. ಇನ್ನೊಂದರಿಂದ ತಂಡದ ಮ್ಯಾನೇಜರ್, ಕಪ್ಪು ಕನ್ನಡಕ, ಬಿಳಿ ಬೂಟು. ಒಡೆದ ಎಂಜಿನ್ನಿನ ಭಾಗಗಳನ್ನು ಸಿರಿಂಜಕ್ಕನ ಬೆಂಚಿನ ಬಿಳಿ ಬಟ್ಟೆಯ ಮೇಲೆಯೇ ಹರಡಲಾಗುತ್ತದೆ.

ತಾವು ಕೂರಿಸಿ ಕಳಿಸಿದ ಪಿಸ್ಟನ್ನನ್ನು ಸಿರಿಂಜಕ್ಕ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ತಲೆಯ ಅಂಚು ಇಲಿ ಕಡಿದ ಬ್ರೆಡ್ಡಿನಂತಾಗಿದೆ. ರಿಂಗು ಕೂರುವ ಗೋಡೆ ತುಂಡಾಗಿದೆ. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಓದಬಲ್ಲವರಿಗೆ ಇದು ಬರೆದಿಟ್ಟ ಸಾಕ್ಷಿ. ಸಂದು ಬಿಗಿಯಿದ್ದರೆ ಪಿಸ್ಟನ್ನಿನ ಪಕ್ಕದ ಮೈ ಸುತ್ತಲೂ ಉದ್ದುದ್ದ ಗೀಚಿಹೋಗಬೇಕಿತ್ತು. ಇಲ್ಲಿ ಮುರಿದ ಚೂರು ಸಿಕ್ಕಿಕೊಂಡ ಒಂದೇ ಕಡೆ ಗೀರಿದೆ. ಏಟು ಬಿದ್ದಿರುವುದು ತಲೆಗೆ.

ಪರಿಶೀಲಕರು ಅಳತೆ ಕೇಳುತ್ತಾರೆ. ಸಿರಿಂಜಕ್ಕ ನೋಟ್‌ಬುಕ್ ತೆರೆದು ಓದುತ್ತಾರೆ. “ಸಿಲಿಂಡರಿನ ಅಗಲ ಐವತ್ತೇಳು ಮಿಲಿಮೀಟರ್. ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಐದೂವರೆ ಭಾಗ. ಪಿಸ್ಟನ್ ಡಬ್ಬಿ ಮೇಲೆ ಐದರಿಂದ ಆರು ಅಂತಿದೆ.”

ಪರಿಶೀಲಕರು ತಾವೇ ಅಳೆದು ನೋಡುತ್ತಾರೆ. ಆರು ಬರುತ್ತದೆ. “ಸರಿಯಾಗೇ ಇದೆಯಲ್ಲ,” ಎಂದು ಅವರು ಗೊಣಗುತ್ತಾರೆ.

“ಓಡಿದ ಮೇಲೆ ಸವೆದು ಸಡಿಲ ಆಗಿರುತ್ತೆ ಸಾರ್,” ಮ್ಯಾನೇಜರ್ ಎನ್ನುತ್ತಾನೆ. “ಪುಸ್ತಕದಲ್ಲಿ ಏನು ಬೇಕಾದ್ರೂ ಬರ್ಕೋಬಹುದು. ಇದು ನೋಡಿ, ಯಾವುದೋ ಮಗು ಬರೆದ ಅಕ್ಷರ! ರೇಸ್ ಎಂಜಿನ್ನಿನ ಲೆಕ್ಕ ಚಿಕ್ಕ ಮಕ್ಕಳ ಕೈಲಿ ಬರೆಸ್ತಾರೆ ಇಲ್ಲಿ.”

“ಬರೆದಿದ್ದು ಮಗು, ಅಳೆದಿದ್ದು ನಾನು,” ಎನ್ನುತ್ತಾರೆ ಸಿರಿಂಜಕ್ಕ.

“ಹಾಗಾದ್ರೆ ಪಿಸ್ಟನ್ನೇ ಕಳಪೆ ಇರ್ಬೇಕು. ಯಾವುದೋ ಹೊರಗಿನ ಮಾಲು.”

“ನೀವೇ ತಂದುಕೊಟ್ಟ ಮಾಲು. ಇದೇ ಡಬ್ಬಿಯ ಇನ್ನೊಂದು ನಿಮಗೆ ಮೂರು ಪಂದ್ಯ ಗೆದ್ದುಕೊಟ್ಟಿದೆ.”

ಲೇತಿನ ಹತ್ತಿರ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಮ್ಯಾನೇಜರಿನ ಕಿವಿ ಕೆಂಪಾಗುತ್ತದೆ. “ಏನ್ ಸಾರ್ ಇದು, ನಾವು ಇಲ್ಲಿ ಪಾಠ ಹೇಳಿಸ್ಕೊಳ್ಳೋಕೆ ಬಂದಿದ್ದೀವಾ? ಸೀಜ್ ಆಗಿದೆ. ಇವರು ಜೋಡಿಸಿದ್ದು. ಇನ್ನೇನು ಬೇಕು ನಿಮಗೆ?”

ಪರಿಶೀಲಕರು ಸ್ಪಾರ್ಕ್ ಪ್ಲಗ್ಗನ್ನು ಬೆಳಕಿಗೆ ಹಿಡಿಯುತ್ತಾರೆ. ಅವರ ಹುಬ್ಬು ಮೇಲೇರುತ್ತದೆ. ಯಜಮಾನರ ಮುಖ ನೋಡುತ್ತಾರೆ, ಯಜಮಾನರು ನೆಲ ನೋಡುತ್ತಾರೆ. ಮ್ಯಾನೇಜರ್ ಕೈಗಡಿಯಾರ ನೋಡುತ್ತಾನೆ. ಈ ಸಂಘದ ವರ್ಷದ ಪಂದ್ಯಗಳಿಗೆ ಹಂದರ ಹಾಕಿಸುವುದೂ, ಬಹುಮಾನ ಕೊಡುವುದೂ ಅದೇ ತಂಡದ ಒಡೆಯರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಪರಿಶೀಲಕರು ಪ್ಲಗ್ಗನ್ನು ಮೆಲ್ಲಗೆ ಕೆಳಗಿಟ್ಟು, ಜೇಬಿನಿಂದ ಪೆನ್ನು ತೆಗೆದು, ಹಾಳೆಯ ಕೊನೆಯ ಸಾಲಿಗೆ ಬರುತ್ತಾರೆ. ‘ಕಾರಣ’ ಎಂಬಲ್ಲಿ ಪೆನ್ನಿನ ತುದಿ ನಿಂತಿದೆ.

“ಹಾಗಾದ್ರೆ... ಬೇರೆ ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?” ಎಂದು ಅವರು ಯಾರ ಮುಖವನ್ನೂ ನೋಡದೆ ಕೇಳುತ್ತಾರೆ.

ಸಿರಿಂಜಕ್ಕ ತುಟಿ ಕಚ್ಚಿಕೊಂಡಿದ್ದಾರೆ. ಅಪ್ಪನಾಣೆಗೆ ಕೊಟ್ಟ ಮಾತು ಅಡ್ಡ ನಿಂತಿದೆ. ಏಪ್ರನ್ನಿನ ಜೇಬಿನೊಳಗೆ ಅವರ ಎರಡೂ ಮುಷ್ಟಿ ಬಿಗಿದಿರುವುದು ಬಟ್ಟೆಯ ಮೇಲಿಂದಲೇ ಕಾಣುತ್ತದೆ. ಶೆಡ್ಡಿನ ಏಳೂ ಜನ ಕೆಲಸ ಬಿಟ್ಟು ಸುತ್ತ ನಿಂತಿದ್ದಾರೆ. ದೊಡ್ಡವರು ಹನ್ನೊಂದು ಜನ, ಒಬ್ಬರ ಬಾಯೂ ತೆರೆಯುವುದಿಲ್ಲ.

ಕಿಟಕಿಯ ಬಳಿ ಸ್ಟೂಲು ಕರ್ರೆನ್ನುತ್ತದೆ. ಪುಟ್ಟಿ ಇಳಿದು, ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಬೆಂಚಿನ ಹತ್ತಿರ ಬಂದು ನಿಲ್ಲುತ್ತಾಳೆ. ಅಮ್ಮ ಕಣ್ಣಲ್ಲೇ ಬೇಡವೆನ್ನುತ್ತಾರೆ. ಆ ಕಣ್ಣನ್ನು ಅವಳು ನೋಡಿಯೂ ನೋಡದಂತೆ, ತಲೆ ಎತ್ತಿ, ಕಪ್ಪು ಕನ್ನಡಕದವನನ್ನೇ ದಿಟ್ಟಿಸುತ್ತಾಳೆ. ದನಿ ನಡುಗುತ್ತದೆ, ಆದರೆ ಶೆಡ್ಡಿನ ಮೂಲೆಮೂಲೆಗೂ ಕೇಳುತ್ತದೆ.

“ಅಂಕಲ್, ಅವತ್ತು ಟ್ಯಾಂಕಿಗೆ ಯಾವ ಪೆಟ್ರೋಲ್ ಹಾಕಿದ್ರಿ?”